ಫ್ರೇಮ್ ಸೀಳಿದೆ: ವೆಲ್ಡ್ ಮಾಡಿಸುವುದೋ, ಬದಲಿಸುವುದೋ?

ಪ್ರಶ್ನೆ: ಮಗ ರೋಡ್ ರೇಸಿಂಗ್ ಅಭ್ಯಾಸ ಮಾಡುತ್ತಾನೆ. ಮುಧೋಳ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಗುದ್ದಿಕೊಂಡ. ಅಲ್ಯೂಮಿನಿಯಂ ಸೈಕಲ್. ಹ್ಯಾಂಡಲ್ ಹತ್ತಿರ ಕೆಳಗಿನ ಪೈಪಿನ ಅಡಿಯಲ್ಲಿ ಬಣ್ಣ ಸುಕ್ಕಾಗಿ ಕೂದಲೆಳೆಯಂಥ ಗೆರೆ ಬಿದ್ದಿದೆ. ವೆಲ್ಡಿಂಗ್ ಅಂಗಡಿಯವರು ಕೂಡಿಸಿಕೊಡುತ್ತೇವೆ ಅನ್ನುತ್ತಾರೆ. ಮಾಡಿಸಬಹುದೇ? (ಜಮಖಂಡಿ)

ಉತ್ತರ: ಬೇಡ. ಆ ಸೈಕಲ್ಲನ್ನು ಇನ್ನು ಮನೆ ಮುಂದಿನ ಓಣಿಯಲ್ಲೂ ಓಡಿಸಗೊಡಬೇಡಿ. ಮುಂದಿನ ಚಕ್ರಕ್ಕೆ ಬಿದ್ದ ಪೆಟ್ಟು ಫೋರ್ಕ್ ಮೂಲಕ ಬಂದು ನಿಲ್ಲುವುದು ಇದೇ ಜಾಗದಲ್ಲಿ. ಇಲ್ಲಿ ಪೈಪ್ ಮುರಿದರೆ ಬ್ರೇಕ್ ಹಿಡಿಯಲೂ ಸಮಯ ಸಿಗದು, ಹುಡುಗ ನೇರ ಮುಖ ಅಡಿಯಾಗಿ ಬೀಳುತ್ತಾನೆ.

ಅಂಗಡಿಯವರು ಟಿಗ್ ವೆಲ್ಡ್ (ಅಲ್ಯೂಮಿನಿಯಂಗೂ ಒಗ್ಗುವ ಕರೆಂಟ್ ವೆಲ್ಡಿಂಗ್) ಚೆಂದವಾಗಿಯೇ ಮಾಡಿಕೊಟ್ಟಾರು, ತೊಡಕು ಕಾವಿನದು. ಇಂಥ ಫ್ರೇಮ್‌ಗಳಿಗೆ ಹೆಚ್ಚಾಗಿ ಬಳಸುವ 6061 ಎಂಬ ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹ ಗಟ್ಟಿಯಾಗಿರುವುದೇ ಕಾರ್ಖಾನೆಯಲ್ಲಿ ಕೊಟ್ಟ ಹದದಿಂದ. ಪೂರ್ತಿ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 160–180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ವೆಲ್ಡಿಂಗ್ ಕಾವು ತಾಗಿದ ಕಡೆ ಈ ಹದ ಹೋಗಿ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಬೆಸುಗೆ ಗಟ್ಟಿಯಾಗಿಯೇ ಇದ್ದು, ಅದರ ಪಕ್ಕದಲ್ಲಿ ಪೈಪ್ ಸೀಳುತ್ತದೆ.

ಗೆರೆ ಬರೀ ಬಣ್ಣದ್ದಿರಬಹುದೆಂಬ ಆಸೆ ಇದ್ದರೆ ನೋಡಿಬಿಡಿ. 400 ನಂಬರಿನ ಎಮರಿ ಕಾಗದದಿಂದ ಕೈಯಲ್ಲೇ ಬಣ್ಣ ಉಜ್ಜಿ ತೆಗೆಯಿರಿ. ಪೈಪು ತೆಳು, ಗ್ರೈಂಡರ್ ಹಚ್ಚಬೇಡಿ. ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಟ್ಟು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಸೀಳಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡದಿದ್ದರೂ ಪೈಪ್ ಕೈಗೆ ಸುಕ್ಕು ಹತ್ತಿದರೆ ಆ ಫ್ರೇಮ್ ಮುಗಿಯಿತು. ಫೋರ್ಕ್ ಕಾರ್ಬನ್‌ದಾಗಿದ್ದರೆ ಅದನ್ನೂ ಹೊಸ ಫ್ರೇಮ್‌ಗೆ ಹಾಕಬೇಡಿ.

ಗಾಲಿ, ಬ್ರೇಕ್, ಗೇರು ಉಳಿದಿವೆಯಲ್ಲ, ಬರೀ ಫ್ರೇಮ್ ತರೋಣ ಎನ್ನಿಸುವುದು ಸಹಜ. ಆದರೆ ಹಿಂದಿನ ಗಾಲಿ ಕೂರುವ ಅಂತರ (ರಿಮ್ ಬ್ರೇಕಿನ ರೋಡ್ ಸೈಕಲ್ಲಿಗೆ ಸಾಮಾನ್ಯವಾಗಿ 130 ಮಿ.ಮೀ.), ಸೀಟಿನ ಪೈಪಿನ ದಪ್ಪ, ಪೆಡಲ್ ಅಚ್ಚಿನ ಥ್ರೆಡ್ ಎಲ್ಲ ಹೊಂದಬೇಕು. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಓಡಿಸುವ ಹುಡುಗರು ಬಹಳ. ಒಳ್ಳೆಯ ಹಳೆಯ ಸೈಕಲ್ ಇಡಿಯಾಗಿ ಸಿಕ್ಕರೆ ಅದೇ ಲೇಸು. ಕೊಳ್ಳುವಾಗ ಹಿಂದಿನ ಗಾಲಿಯ ಒಂದು ಕಿವಿಗೆ (ಫ್ರೇಮಿನಲ್ಲಿ ಗಾಲಿ ಅಚ್ಚು ಕೂರುವ ಜಾಗ) ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರುವ ಫ್ರೇಮಿನ ಪೈಪ್ ಸುತ್ತಿಸಿ ಇನ್ನೊಂದು ಕಿವಿಗೆ ಬಿಗಿಯಿರಿ. ಸೀಟಿನ ಪೈಪಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಬದಿ ಅಳೆಯಿರಿ. ಎರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸೈಕಲ್ ಬಿಡಿ. ಅಲ್ಯೂಮಿನಿಯಂ ಬಗ್ಗಿಸಿ ಸರಿಮಾಡುವಂಥದ್ದಲ್ಲ.

ಪ್ರಶ್ನೆ: ಅಪ್ಪನ ಹಳೇ ಕಬ್ಬಿಣದ ಸೈಕಲ್. ಹಾಲಿನ ಕ್ಯಾನ್ ಹೊತ್ತು ಹೊತ್ತು ಪೆಡಲ್ ಅಚ್ಚಿನ ಹಿಂದಿನ ಪೈಪ್ ಸೀಳಿದೆ. ಗುಜರಿಗೆ ಹಾಕಲೇ? (ತಿಕೋಟಾ)

ಉತ್ತರ: ಹಾಕಬೇಡಿ, ಇದು ರಿಪೇರಿ ಆಗುವ ಲೋಹ. ಮೊದಲು ಅಚ್ಚು ಬಿಚ್ಚಿ ಒಳಗೆ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಪೈಪ್ ತಗ್ಗಾದರೆ ತುಕ್ಕು ತಿಂದಿದೆ, ಆಗ ಮಾತ್ರ ಆಸೆ ಬಿಡಿ.

ಪೈಪ್ ಗಟ್ಟಿ ಇದ್ದರೆ ಗ್ಯಾಸ್ ವೆಲ್ಡಿಂಗ್ ಮಾಡುವವರಲ್ಲಿಗೆ ಒಯ್ಯಿರಿ. ಇಂಥ ಫ್ರೇಮಿನ ಸಂದುಗಳು ಮೊದಲಿಗೇ ಹಿತ್ತಾಳೆ ಬೆಸುಗೆಯವು. ಅವುಗಳ ಮೇಲೆ ಕರೆಂಟ್ ವೆಲ್ಡಿಂಗ್ ಹೊಡೆದರೆ ಹಿತ್ತಾಳೆ ಕಲೆತು ಬೆಸುಗೆ ತೂತುತೂತಾಗುತ್ತದೆ, ತೆಳು ಪೈಪೂ ಸುಟ್ಟುಹೋಗುತ್ತದೆ. ಗ್ರೀಸ್, ಬಣ್ಣ, ತುಕ್ಕು ಹೊಳೆಯುವವರೆಗೆ ತೆಗೆದು, ಸೀಳಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆಸಿ, ಸೀಳು ಮುಂದೆ ಓಡುವುದಿಲ್ಲ. ಮೇಲೆ ಸುಮಾರು 8 ಸೆಂ.ಮೀ. ಉದ್ದದ ಅರೆಪೈಪಿನ ತೇಪೆ ಕೂರಿಸಿ, ಬಿಳಿಗಾರ ಹಾಕಿ ಹಿತ್ತಾಳೆ ಕಡ್ಡಿಯಿಂದ ಬೆಸೆಯಲಿ. ತೇಪೆಯ ತುದಿಗಳು ಚೂಪಾಗಿರಲಿ. ನೇರ ಕತ್ತರಿಸಿದರೆ ಭಾರವೆಲ್ಲ ಆ ಅಂಚಿಗೆ ಬಿದ್ದು ಅಲ್ಲೇ ಮತ್ತೆ ಸೀಳುತ್ತದೆ. ಬೆಸೆಯುವಾಗ ಹಿಂದಿನ ಕಿವಿಗಳಿಗೆ ಹಳೆಯ ಗಾಲಿ ಅಚ್ಚೊಂದನ್ನು ಬಿಗಿದಿಟ್ಟಿದ್ದರೆ ಫ್ರೇಮ್ ಸೊಟ್ಟಾಗುವುದಿಲ್ಲ. ನೀರು ಹಾಕಿ ತಣಿಸಬೇಡಿ, ತಾನೇ ಆರಲಿ.

ಬಣ್ಣಕ್ಕೆ ಅವಸರ ಬೇಡ. ಬರೀ ಎಣ್ಣೆ ಸವರಿ ಒಂದೆರಡು ವಾರ ಅರ್ಧ ಭಾರ ಹೊರಿಸಿ, ತೇಪೆಯ ಅಂಚನ್ನು ದಿನಾ ನೋಡಿ. ಹೊಸ ಗೆರೆ ಕಾಣದಿದ್ದರೆ ಬಣ್ಣ ಹಚ್ಚಿ, ಕ್ಯಾನ್ ಏರಿಸಿ.