ತೋಟದ ಪ್ರಶ್ನೆಗಳು: ಈ ತಿಂಗಳು ಬರೀ ಬಸವನಹುಳು

ಮುಂಗಾರು ಕಾಲಿಡುತ್ತಿದ್ದಂತೆ ನನಗೆ ಬರುವ ಪತ್ರಗಳ ವಿಷಯವೂ ಬದಲಾಗುತ್ತದೆ. ಈ ಸಲ ಮುಕ್ಕಾಲು ಪಾಲು ಆಫ್ರಿಕನ್ ಬಸವನಹುಳುವಿನದೇ. ಮೆಣಸಿನ ಬಳ್ಳಿ ಸೊರಗುವ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಬೇಕು. ನಾನು ವಿಜ್ಞಾನಿಯಲ್ಲ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ್ತಿ. ಓದಿದ್ದು, ನೋಡಿದ್ದು, ನೆರೆಹೊರೆಯವರ ಜೊತೆ ಕೂಡಿ ಮಾಡಿದ್ದು, ಇಷ್ಟನ್ನೇ ಹೇಳುತ್ತೇನೆ.

ಪ್ರತಿ ಮಳೆಗಾಲ ಆಳಿಟ್ಟು ಹುಳು ಹೆಕ್ಕಿಸುತ್ತೇನೆ. ಮರುವರ್ಷ ನೋಡಿದರೆ ಅಷ್ಟೇ ಇರುತ್ತವೆ. ಪಕ್ಕದ ತೋಟದ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಅಲ್ಲಿ ಆಳೆತ್ತರ ಕಾಡು ಬೆಳೆದಿದೆ. ನಾನೊಬ್ಬ ಹೆಕ್ಕಿದರೆ ಏನು ಬಂತು?
— ಬೆಳೆಗಾರರೊಬ್ಬರು, ಶನಿವಾರಸಂತೆ ಹೋಬಳಿ

ಏನೂ ಬರಲಿಲ್ಲ ಎನ್ನುವುದು ನಿಮಗೇ ಗೊತ್ತಾಗಿದೆ. ಸುಳ್ಳು ಸಮಾಧಾನ ನಾನು ಹೇಳುವುದಿಲ್ಲ. ಈ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಒಡಲಲ್ಲಿರುತ್ತವೆ. ಒಂದು ಸಲಕ್ಕೆ 100ರಿಂದ 400 ಮೊಟ್ಟೆ. ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಮತ್ತೆ ಮತ್ತೆ ಮೊಟ್ಟೆಯಿಡುತ್ತದೆ. ಹಾಗಾಗಿ ಬೇಲಿ ದಾಟಿ ಬರುವುದು ಒಂದೇ ಹುಳುವಾದರೂ ನಿಮ್ಮ ವರ್ಷದ ಕೂಲಿ ನೀರಿಗೆ ಹೋದಂತೆ.

ನಮ್ಮ ಕಡೆ ಕೆಲಸಕ್ಕೆ ಬಂದದ್ದು ಎರಡು ಸಂಗತಿ. ಒಂದು, ಕಾಲ. ಹೆಚ್ಚಿನವರು ಕಾಫಿ ಎಲೆ ತೂತಾಗಿ, ಎಳೆ ತೊಗಟೆ ಕೆರೆದು ಹೋದಮೇಲೆ, ಅಂದರೆ ಜುಲೈನಲ್ಲಿ ಎಚ್ಚರಗೊಳ್ಳುತ್ತಾರೆ. ಅಷ್ಟರಲ್ಲಿ ಮೊಟ್ಟೆ ಮಣ್ಣು ಸೇರಿರುತ್ತದೆ. ಬೇಸಿಗೆಯಿಡೀ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಲ್ಲು ಕಟ್ಟೆಯ ಸಂದಿಯಲ್ಲಿ, ತರಗೆಲೆಯ ಅಡಿಯಲ್ಲಿ ಮಲಗಿದ್ದವು ರೋಹಿಣಿ, ಮೃಗಶಿರಾ ಮಳೆಗೆ ಹಸಿದು ಹೊರಗೆ ಬರುತ್ತವೆ. ಹಿಡಿಯಬೇಕಾದ್ದು ಆಗ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಇಲ್ಲವೇ ಬೆಳಕು ಹರಿಯುವ ಮೊದಲು. ಹಗಲಿನಲ್ಲಿ ಹುಡುಕುವುದು ದಂಡ. ನೆನೆಸಿದ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ, ಕಾಂಡದ ಚೂರು ಇಟ್ಟರೆ ರಾತ್ರಿ ಬಂದವು ಬೆಳಿಗ್ಗೆಯೂ ಅಲ್ಲೇ ಗುಂಪುಗೂಡಿರುತ್ತವೆ. ಮಣ್ಣು ಕೆದಕುವಾಗ ಸಬ್ಬಕ್ಕಿಯಂಥ ಮೊಟ್ಟೆಗಳ ಗುಂಪು ಸಿಕ್ಕರೆ ಅದನ್ನೂ ಬಿಡಬೇಡಿ.

ಎರಡನೆಯದು, ಎಲ್ಲರೂ ಒಂದೇ ಸಂಜೆ ಇಳಿಯುವುದು. ನಮ್ಮಲ್ಲಿ ಒಂದು ತೊರೆಗೆ ತಾಗಿದ ತೋಟಗಳವರೆಲ್ಲ ವಾಟ್ಸಾಪ್ ಗುಂಪು ಮಾಡಿಕೊಂಡು, ಮಳೆ ನೋಡಿ ಸಂಜೆ ಗೊತ್ತು ಮಾಡುತ್ತೇವೆ. ತೊರೆಯ ಮೇಲ್ಗಡೆಯಿಂದ ಶುರು ಮಾಡಿ ಕೆಳಗಿಳಿಯುವುದು ಪದ್ಧತಿ. ಮೊದಮೊದಲು ಕೆಜಿ ಲೆಕ್ಕದಲ್ಲಿ ಕೂಲಿ ಕೊಡೋಣ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ತೂಕಕ್ಕೆ ದುಡ್ಡು ಕೊಟ್ಟರೆ ಜನ ದಪ್ಪನೆಯದನ್ನು ಮಾತ್ರ ಹೆಕ್ಕುತ್ತಾರೆ, ಮರಿಗಳನ್ನು ಬೆಳೆಯಲು ಬಿಡುತ್ತಾರೆ, ಮೊಟ್ಟೆಯನ್ನಂತೂ ಯಾರೂ ಮುಟ್ಟುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಲೆಕ್ಕವೇ ಹಾಗೆ ಹೇಳಿಕೊಡುತ್ತದೆ. ದಿನಗೂಲಿಯೇ ಸರಿ.

ಬೆಂಗಳೂರಿನ ಮಾಲೀಕರ ವಿಷಯ. ಜಗಳ ಬೇಡ. ಫೋನ್ ಮಾಡಿ, ನಿಮ್ಮ ತೋಟದಲ್ಲೂ ಹೆಕ್ಕಿಸುತ್ತೇವೆ, ಗೇಟಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿ. ಖರ್ಚಿನ ಚೀಟಿಯನ್ನು ಆಮೇಲೆ ಕಳಿಸಿ. ನನ್ನ ಅನುಭವದಲ್ಲಿ ಅರ್ಧ ಜನ ಕೊಡುತ್ತಾರೆ. ಉಳಿದರ್ಧ ಜನ ಮುಂದಿನ ವರ್ಷ ನಾಚಿಕೆಗಾದರೂ ಕಾಡು ಕಡಿಸುತ್ತಾರೆ.

ಹೆಕ್ಕಿದ್ದನ್ನು ರಸ್ತೆಗೋ ತೊರೆಗೋ ಸುರಿಯುವವರಿದ್ದಾರೆ, ಅದು ಹುಳುವಿಗೆ ಬಸ್ ಚಾರ್ಜು ಕೊಟ್ಟ ಹಾಗೆ. ಡ್ರಮ್ಮಿನಲ್ಲಿ ಗಟ್ಟಿ ಉಪ್ಪುನೀರು ಮಾಡಿ ಅದರಲ್ಲಿ ಮುಳುಗಿಸಿ, ಸತ್ತ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಉಪ್ಪನ್ನು ತೋಟದ ಮಣ್ಣಿಗೇ ಎರಚುವುದು ಮಾತ್ರ ಬೇಡ. ಬಿದ್ದಿರುವ ಖಾಲಿ ಚಿಪ್ಪುಗಳನ್ನೂ ಒಡೆದು ಹೂಳಿ. ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತವೆ.

ಅಂಗಡಿಯಲ್ಲಿ ಬಸವನಹುಳುವಿಗೆಂದೇ ಗುಳಿಗೆ ಸಿಗುತ್ತದೆ, ಎರಚಿದರೆ ಮುಗಿಯಿತು ಎನ್ನುತ್ತಾರೆ. ಇಷ್ಟೆಲ್ಲ ಟಾರ್ಚು, ಗೋಣಿಚೀಲ ಏಕೆ?
— ಹಾಸನ ಜಿಲ್ಲೆಯ ಓದುಗರು

ಆ ಗುಳಿಗೆಯಲ್ಲಿರುವುದು ಸಾಮಾನ್ಯವಾಗಿ ಮೆಟಾಲ್ಡಿಹೈಡ್. ಹುಳುವನ್ನು ಕೊಲ್ಲುತ್ತದೆ, ಹೌದು. ನಾಯಿಯನ್ನೂ ಕೊಲ್ಲುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ ಶುರುವಾಗುತ್ತದೆ. ಅಕ್ಕಿ ತೌಡು, ಬೆಲ್ಲ, ಹರಳೆಣ್ಣೆಗೆ ಥಯೋಡಿಕಾರ್ಬ್ ಎಂಬ ಕೀಟನಾಶಕ ಬೆರೆಸಿ ಉಂಡೆ ಕಟ್ಟಿಡುವುದು ಇನ್ನೊಂದು ದಾರಿ. ತೌಡು ಬೆಲ್ಲದ ಉಂಡೆಯನ್ನು ಹಸುವಾಗಲಿ, ಕೋಳಿಯಾಗಲಿ ಬೇಡ ಎನ್ನುತ್ತದೆಯೇ?

ವಿಷವನ್ನು ಮುಟ್ಟಲೇಬಾರದು ಎನ್ನುವ ಮಡಿವಂತೆ ನಾನಲ್ಲ. ಹೆಕ್ಕಿ ಹೆಕ್ಕಿ ಕಡಿಮೆಯಾದ ಮೇಲೆ, ಹುಳು ದಟ್ಟವಾಗಿ ಉಳಿದ ಒಂದೆರಡು ಕಡೆ, ಮುಚ್ಚಳವಿರುವ ಡಬ್ಬಿಗೆ ಹುಳು ನುಗ್ಗುವಷ್ಟು ತೂತು ಮಾಡಿ ವಿಷವನ್ನು ಅದರೊಳಗೆ ಇಟ್ಟು, ಬೆಳಿಗ್ಗೆ ಉಳಿದದ್ದನ್ನು ಎತ್ತಿಬಿಡಿ. ತೋಟವಿಡೀ ಎರಚಿದಿರೋ, ನಿಮಗೆ ಸಂಬಳವಿಲ್ಲದೆ ದುಡಿಯುವವರನ್ನೇ ಮೊದಲು ಕಳೆದುಕೊಳ್ಳುತ್ತೀರಿ. ಕೆಂಬೂತ ಈ ಹುಳುವನ್ನು ಹಿಡಿದು ತಿನ್ನುತ್ತದೆ. ಮುಂಗಾರಿಗೆ ಮುನ್ನ ಮರಕ್ಕೆ ಮರವೇ ಬೆಳಗುವ ನಮ್ಮ ಮಿಂಚುಹುಳುಗಳ ಮರಿಗಳು ನೆಲದಲ್ಲಿ ಬಸವನಹುಳುಗಳನ್ನೇ ಬೇಟೆಯಾಡಿ ಬೆಳೆಯುತ್ತವೆ.

ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿ ಸಿಂಪಡಿಸುವ ವಿಧಾನ ಹೇಳಿದ್ದಾರೆ. ಕಾಂಪೌಂಡ್ ಗೋಡೆ, ಚರಂಡಿಯ ಅಂಚಿಗೆ ಸರಿ. ತೊರೆಯ ಹತ್ತಿರ ಬೇಡ, ತಾಮ್ರ ಮೀನಿಗೆ ಆಗಿಬರುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಮನೆಯಲ್ಲಿದ್ದರೆ ಎಳೆ ಗಿಡದ ಬುಡಕ್ಕೆ ಪಟ್ಟಿ ಬಳಿಯಿರಿ, ಅದನ್ನು ದಾಟಲು ಹುಳು ಹಿಂಜರಿಯುತ್ತದೆ.

ತೋಟದಲ್ಲಿ ಕೆಂಪು ಮೈಯ, ತೆಳು ಚಿಪ್ಪಿನ ಹುಳು ಕಂಡಿತು. ಇದು ಇನ್ನೂ ಹೊಸ ಪೀಡೆಯೇ? ಕೊಂದುಬಿಡಲೇ?
— ಮೂಡಿಗೆರೆಯಿಂದ ಒಬ್ಬರು

ದಯವಿಟ್ಟು ಬೇಡ! ನೀವು ಕಳಿಸಿದ ಚಿತ್ರ ನೋಡಿ ನನಗೆ ಸಂತೋಷವಾಯಿತು. ಅದು ಇಂಡ್ರೆಲ್ಲಾ ಆಂಪುಲ್ಲಾ, ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಮೈ ಕೆಂಪು, ಕೆಲವೊಮ್ಮೆ ಕಿತ್ತಳೆ ಅಥವಾ ಹಳದಿ. ಚಿಪ್ಪು ಎಷ್ಟು ಚಿಕ್ಕದೆಂದರೆ ಮೈಯೆಲ್ಲ ಅದರೊಳಗೆ ಹಿಡಿಸುವುದಿಲ್ಲ.

ಒಂದು ವಿಚಿತ್ರ ಹೇಳುತ್ತೇನೆ. ಇದಕ್ಕೆ 1850ರಲ್ಲಿ ಶಾಸ್ತ್ರೀಯ ಹೆಸರಿಟ್ಟವರು ವಿಲಿಯಂ ಬೆನ್ಸನ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಚಿಪ್ಪುಜೀವಿಗಳ ಹುಚ್ಚು ಹಿಡಿದಿದ್ದವರು. ಆಫ್ರಿಕನ್ ಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತದ ಚೌರಂಗಿಯ ತೋಟಕ್ಕೆ ಸೇರಿಸಿದವರೂ ಇದೇ ಮಹಾನುಭಾವರು. ನಮ್ಮ ಹುಳುವಿಗೆ ಹೆಸರು ಕೊಟ್ಟ ಕೈಯೇ ಅದಕ್ಕೆ ಈ ಪಾಲುದಾರನನ್ನೂ ಕೊಟ್ಟಿತು.

ಹೆಕ್ಕಲು ಹೋಗುವವರಿಗೆಲ್ಲ ಗುರುತು ಹೇಳಿಕೊಡಿ. ಆಫ್ರಿಕನ್ ಹುಳುವಿನ ಚಿಪ್ಪು ಉದ್ದನೆಯ ಶಂಕು, ಕಂದು ಬಣ್ಣದ ಮೇಲೆ ಗಾಢ ಪಟ್ಟೆ, ಬೆಳೆದದ್ದು ಅಂಗೈ ತುಂಬುತ್ತದೆ. ಚಿಪ್ಪಿನ ಚೂಪು ತುದಿ ಮೇಲೆ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಬಾಯಿ ಎಡಗಡೆಗಿದ್ದರೆ ಅದು ಬಹುಮಟ್ಟಿಗೆ ನಮ್ಮದೇ ಯಾವುದೋ ಹುಳು. ಆಫ್ರಿಕನ್ನಿನ ಬಾಯಿ ಬಲಕ್ಕೆ. ಆದರೆ ಬಲಕ್ಕಿರುವುದೆಲ್ಲ ಆಫ್ರಿಕನ್ ಅಲ್ಲ, ಚಪ್ಪಟೆ ಗುಂಡಗಿದ್ದರೆ ಬಿಟ್ಟುಬಿಡಿ. ಅನುಮಾನ ಬಂದದ್ದನ್ನು ಚೀಲಕ್ಕೆ ಹಾಕಬಾರದು ಎನ್ನುವುದು ನಮ್ಮ ಗುಂಪಿನ ನಿಯಮ.

ಆಫ್ರಿಕನ್ ಹುಳುವನ್ನು ತಿನ್ನುವ ಬೇರೆ ಬಸವನಹುಳು ಅಮೆರಿಕದಲ್ಲಿದೆ ಎಂದು ಓದಿದೆ. ತರಿಸಿ ಬಿಟ್ಟರೆ ಆಗದೇ?
— ಕೃಷಿ ವಿದ್ಯಾರ್ಥಿ, ಶಿವಮೊಗ್ಗ

ನೀವು ಓದಿದ್ದು ಯೂಗ್ಲಾಂಡಿನಾ ರೋಸಿಯಾ ಬಗ್ಗೆ ಇರಬೇಕು. ಇದೇ ಯೋಚನೆ ಹವಾಯಿಯವರಿಗೆ 1955ರಲ್ಲಿ ಬಂತು, ತಂದು ಬಿಟ್ಟರು. 1970ರ ದಶಕದಲ್ಲಿ ಪೆಸಿಫಿಕ್ ಸಾಗರದ ತಾಹಿತಿಗೆ, 1977ರಲ್ಲಿ ಮೂರಿಯಾ ದ್ವೀಪಕ್ಕೂ ಹೋಯಿತು. ಬೇಟೆಗಾರ ದೊಡ್ಡ ಆಫ್ರಿಕನ್ ಹುಳುವಿಗೆ ಏಕೆ ಹೆಣಗಾಡುತ್ತದೆ? ಕೈಗೆ ಸುಲಭವಾಗಿ ಸಿಕ್ಕಿದ್ದು ಪಾರ್ಟುಲಾ ಎಂಬ ಪುಟ್ಟ ಸ್ಥಳೀಯ ಮರಹುಳುಗಳು. ಅಲ್ಲಿನ ಹೆಂಗಸರು ಅವುಗಳ ಚಿಪ್ಪಿನಿಂದ ಹಾರ ಮಾಡುತ್ತಿದ್ದರಂತೆ. ಹತ್ತೇ ವರ್ಷಗಳಲ್ಲಿ ಮೂರಿಯಾದ ಕಾಡಿನಲ್ಲಿ ಅವುಗಳ ಏಳೂ ಜಾತಿ ಇಲ್ಲವಾದವು. ಕೆಲವು ಉಳಿದದ್ದು ಲಂಡನ್ ಮುಂತಾದ ಕಡೆಯ ಮೃಗಾಲಯಗಳ ಪೆಟ್ಟಿಗೆಗಳಲ್ಲಿ. 2015ರಿಂದ ಅವನ್ನು ಮತ್ತೆ ದ್ವೀಪಗಳಿಗೆ ಒಯ್ದು ಬಿಡುತ್ತಿದ್ದಾರೆ.

ಹವಾಯಿಯಲ್ಲಿ ಒಂದು ಮರಹುಳುವಿನ ಕೊನೆಯ ಜೀವಕ್ಕೆ ಜಾರ್ಜ್ ಎಂದು ಹೆಸರಿಟ್ಟು ಸಾಕುತ್ತಿದ್ದರು. 2019ರ ಜನವರಿ 1ರಂದು ಸತ್ತಿತು, ಅಲ್ಲಿಗೆ ಆ ಜಾತಿ ಮುಗಿಯಿತು. ಅಲ್ಲಿನ ಮರಹುಳುಗಳ ನಾಶದಲ್ಲಿ ಈ ಬೇಟೆಗಾರನ ಕೈ ದೊಡ್ಡದು. ಆಫ್ರಿಕನ್ ಹುಳು ಇಂದಿಗೂ ಅಲ್ಲಿ ಆರಾಮವಾಗಿದೆ. ನೀವು ಓದುವ ವಯಸ್ಸಿನವರು, ಉತ್ಸಾಹ ಇರಲಿ. ಆ ಉತ್ಸಾಹವನ್ನು ನಮ್ಮ ಮಿಂಚುಹುಳುವಿನ ಮರಿಗಳು ಯಾವ ಹುಳುವನ್ನು ಎಷ್ಟು ತಿನ್ನುತ್ತವೆ ಎಂದು ನೋಡುವುದಕ್ಕೆ ಹಾಕಿ.

ನಮ್ಮ ಶಾಲೆಯ ಮಕ್ಕಳು ಹುಳು ಹೆಕ್ಕಲು ಬರುತ್ತೇವೆ ಎನ್ನುತ್ತಿದ್ದಾರೆ. ಕಳಿಸಬಹುದೇ?
— ಶಿಕ್ಷಕಿ, ಕೊಡಗು

ಬರಿಗೈಯಲ್ಲಿ ಖಂಡಿತ ಬೇಡ. ಇಲಿಯ ಶ್ವಾಸಕೋಶದಲ್ಲಿರುವ ಒಂದು ಹುಳ ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿಗೆ ದಾಟುತ್ತದೆ. ಅದು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ಬರಬಹುದು. ಕೇರಳದಲ್ಲಿ ಮಕ್ಕಳಿಗೆ ಬಂದ ವರದಿಗಳಿವೆ. ಹೆದರಿ ಕೂರುವುದೂ ಬೇಡ. ದೊಡ್ಡವರಿಗೆ ಕೈಗವಸು, ಇಕ್ಕಳ ಕೊಟ್ಟು ಹೆಕ್ಕಿಸಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ತೋಟದ ಸೊಪ್ಪನ್ನು ಚೆನ್ನಾಗಿ ತೊಳೆದು, ಬೇಯಿಸಿಯೇ ತಿನ್ನಿ. ಮಕ್ಕಳಿಗೆ ಬೇರೆ ಕೆಲಸವಿದೆ: ಯಾವ ಬೇಲಿಯಲ್ಲಿ, ಯಾವ ಮೋರಿಯಲ್ಲಿ ಹುಳು ಕಂಡಿತು ಎಂದು ಊರಿನ ನಕ್ಷೆ ಬರೆದು ಗುರುತು ಹಾಕುವುದು. ದೊಡ್ಡವರಿಗೆ ಇದಕ್ಕೆ ತಾಳ್ಮೆಯೂ ಇಲ್ಲ, ಅವರ ಕಣ್ಣೂ ಅಷ್ಟು ಚುರುಕಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನ ತೋಟದಲ್ಲೂ ಇವು ತುಂಬಿವೆ, ಗೋಡೆಯ ಸುಣ್ಣ ಕೆರೆಯುತ್ತವೆ. ಪೂರ್ತಿ ನಿರ್ಮೂಲ ಸಾಧ್ಯವೇ?
— ಜಯನಗರದ ಓದುಗರು

ಚಿಪ್ಪು ಕಟ್ಟಲು ಸುಣ್ಣ ಬೇಕು, ಅದಕ್ಕೇ ಗೋಡೆ. ನಿರ್ಮೂಲ ಮಾಡಿದ ಊರುಗಳಿವೆ. 1966ರಲ್ಲಿ ಹವಾಯಿಯಿಂದ ಮಯಾಮಿಗೆ ಬಂದ ಹುಡುಗನೊಬ್ಬ ಮೂರು ಹುಳು ತಂದ, ಅಜ್ಜಿ ತೋಟಕ್ಕೆ ಬಿಟ್ಟರು. ಅವನ್ನು ಮುಗಿಸುವಷ್ಟರಲ್ಲಿ 18,000ಕ್ಕೂ ಹೆಚ್ಚು ಹುಳು ಸಿಕ್ಕಿತು, ಹತ್ತು ಲಕ್ಷ ಡಾಲರಿಗೂ ಮೀರಿ ಖರ್ಚಾಯಿತು. 2011ರಲ್ಲಿ ಅಲ್ಲೇ ಮತ್ತೆ ಕಾಣಿಸಿತು. ವಾಸನೆ ಹಿಡಿಯುವ ನಾಯಿಗಳನ್ನೂ ತರಬೇತಿ ಕೊಟ್ಟು ಇಳಿಸಿದರು, ಸುಮಾರು 1,68,000 ಹೆಕ್ಕಿ 2021ರಲ್ಲಿ ಮುಗಿಯಿತು ಎಂದರು. ಮರುವರ್ಷವೇ ಫ್ಲಾರಿಡಾದ ಇನ್ನೊಂದು ಜಿಲ್ಲೆಯಲ್ಲಿ ಸಿಕ್ಕಿತು.

ನಿಮ್ಮ ಒಂದು ಕಟ್ಟಡದಲ್ಲಿ ಕಡಿಮೆ ಮಾಡಬಹುದು, ನಿರ್ಮೂಲದ ಆಸೆ ಬಿಡಿ. ಪಕ್ಕದ ಎರಡು ಅಪಾರ್ಟ್‌ಮೆಂಟುಗಳ ಸಂಘವನ್ನೂ ಸೇರಿಸಿಕೊಂಡು ಮಳೆ ಶುರುವಾದ ವಾರದಲ್ಲೇ ಹೆಕ್ಕಿ. ನರ್ಸರಿಯಿಂದ ತಂದ ಕುಂಡದ ಮಣ್ಣನ್ನು ಗೇಟಿನ ಹೊರಗೇ ಕೆದಕಿ ನೋಡಿ. ಮೊಟ್ಟೆ ನಿಮ್ಮಲ್ಲಿಗೆ ಬರುವುದು ಬಹುಪಾಲು ಹಾಗೆ. ಮಲೆನಾಡಿನ ತವರಿಗೆ ಹೋಗುವಾಗ ಆ ಕುಂಡವನ್ನು ಡಿಕ್ಕಿಯಲ್ಲಿಟ್ಟು ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇಷ್ಟೊಂದು ಹೆಕ್ಕುತ್ತೀರಲ್ಲ, ಸಾರು ಮಾಡಬಹುದೇ? ಬಾತುಕೋಳಿಗೆ?
— ಹೆಸರು ಬೇಡ ಎಂದವರು

ಪಶ್ಚಿಮ ಆಫ್ರಿಕಾದಲ್ಲಿ ದೊಡ್ಡ ಬಸವನಹುಳುಗಳನ್ನು ತಿನ್ನುತ್ತಾರೆ, ಇದರಲ್ಲಿ ನಗುವಂಥದ್ದೇನಿಲ್ಲ. ನಮ್ಮ ತೋಟದ ಹುಳು ಯಾರ ಬೇಲಿಯಾಚೆ ಯಾವ ಔಷಧಿ ತಿಂದು ಬಂದಿದೆಯೋ ಹೇಳಲಾಗದು, ಹಾಗಾಗಿ ಸಾರು ಬೇಡ. ಬಾತುಕೋಳಿ ಮರಿಹುಳುಗಳನ್ನು ಚೆನ್ನಾಗಿ ಮುಗಿಸುತ್ತದೆ, ದೊಡ್ಡದು ಅದರ ಗಂಟಲಿಗೆ ಇಳಿಯುವುದಿಲ್ಲ. ಗುಳಿಗೆ ಹಾಕಿದ ತೋಟಕ್ಕಂತೂ ಬಾತುಕೋಳಿ ಬಿಡಲೇಬೇಡಿ.