ಅರಿಕೆಯ ಪುಟದಲ್ಲಿ ಋಣಿ ಎಂದರೆ ಸಾಕೆ?

ಪ್ರಶ್ನೆ: ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಬೋಧಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತ ಪುಸ್ತಕವೊಂದನ್ನು ಬರೆದಿದ್ದು, ಕರಡು ಈಗ ಪ್ರಕಾಶಕರ ಕೈಯಲ್ಲಿದೆ. ಅದರಲ್ಲಿರುವ 90 ಪ್ರೋಗ್ರಾಮ್‌ಗಳ ಪೈಕಿ ಸುಮಾರು 30 ನನ್ನವಲ್ಲ. ತರಗತಿಯ ಟಿಪ್ಪಣಿಗೆಂದು ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ಮತ್ತು ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣ ಸ್ಟ್ಯಾಕ್ ಓವರ್‌ಫ್ಲೋಗಳಿಂದ ಆಯ್ದು ಅಲ್ಪಸ್ವಲ್ಪ ತಿದ್ದಿಕೊಂಡವು. ‘ಅಂತರ್ಜಾಲದ ಅನೇಕ ಡೆವಲಪರ್‌ಗಳಿಗೆ ನಾನು ಋಣಿ’ ಎಂದು ಅರಿಕೆಯಲ್ಲಿ ಬರೆದಿದ್ದೇನೆ. ಇಷ್ಟು ಸಾಕಲ್ಲವೇ? ತರಗತಿಯಲ್ಲಿ ಬಳಸಿದಾಗ ಯಾರೂ ಆಕ್ಷೇಪಿಸಿರಲಿಲ್ಲ.
– ಉಪನ್ಯಾಸಕಿ, ಬಸವನಗುಡಿ

ಉತ್ತರ: ಸಾಲದು. ದಾಸರ ಪದಗಳನ್ನು ಹಾಡುವವರು ‘ಅನೇಕ ದಾಸರಿಗೆ ನಮಸ್ಕಾರ’ ಎಂದು ಮೊದಲಿಗೆ ಹೇಳಿ, ಅಂಕಿತಗಳನ್ನೆಲ್ಲ ಕತ್ತರಿಸಿ ಹಾಡಿದರೆ ಚಾಮರಾಜಪೇಟೆಯ ರಾಮನವಮಿ ಕಛೇರಿಯ ಶ್ರೋತೃಗಳು ಎದ್ದು ಹೋದಾರು. ಕೋಡಿನ ತಲೆಯಲ್ಲಿರುವ ಹಕ್ಕುಸ್ವಾಮ್ಯದ ಸಾಲು ಅಂಥದೇ ಅಂಕಿತ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಒಂದಾಗಿ ಹೆಣೆದುಕೊಂಡಿವೆ: ಹೆಸರು ಹೇಳುವುದು ಒಂದು, ಮುದ್ರಿಸಲು ಅನುಮತಿ ಇರುವುದು ಇನ್ನೊಂದು. ಅನುಮತಿ ಇಲ್ಲದ ಕಡೆ ಎಷ್ಟು ಭಕ್ತಿಯಿಂದ ಹೆಸರು ಹೇಳಿದರೂ ಅದು ಅನುಮತಿಯಾಗುವುದಿಲ್ಲ.

ತರಗತಿಯ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೋ ವಿದ್ಯಾರ್ಥಿಗಳೋ ಕೃತಿಯೊಂದನ್ನು ನಕಲು ಮಾಡುವುದಕ್ಕೆ ಅವಕಾಶ ಕೊಟ್ಟಿದೆ. ಬೆಲೆ ಇಟ್ಟು ಮಾರುವ ಪುಸ್ತಕಕ್ಕೆ ಆ ರಕ್ಷೆಯನ್ನು ನೆಚ್ಚಿಕೊಳ್ಳುವುದು ಕಷ್ಟ. ಕವಿತೆಯ ನಾಲ್ಕು ಸಾಲನ್ನು ವಿಮರ್ಶೆಗಾಗಿ ಉದ್ಧರಿಸುವ ರೂಢಿಯನ್ನು ಕೋಡಿಗೂ ಅನ್ವಯಿಸಬಹುದೆಂದು ನಮ್ಮ ಲೇಖಕರಲ್ಲಿ ಬಹಳ ಮಂದಿ ನಂಬಿದ್ದಾರೆ. ಆದರೆ ಅದೇ ಸೆಕ್ಷನ್ ವಿಮರ್ಶೆ ಹಾಗೂ ಖಾಸಗಿ ಅಧ್ಯಯನಕ್ಕಾಗಿ ಮಾಡುವ ನ್ಯಾಯೋಚಿತ ಬಳಕೆಯನ್ನು ಹೇಳುವಾಗ ‘ಕಂಪ್ಯೂಟರ್ ಪ್ರೋಗ್ರಾಮ್ ಅಲ್ಲದ’ ಕೃತಿಗಳೆಂದು ಸ್ಪಷ್ಟವಾಗಿ ಹೊರಗಿಟ್ಟಿದೆ. ಕಾಯಿದೆಯ ದೃಷ್ಟಿಯಲ್ಲಿ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ, ಬರೆದ ಕ್ಷಣದಿಂದಲೇ ನೋಂದಣಿಯಿಲ್ಲದೆ ಅದಕ್ಕೆ ಹಕ್ಕು ಹುಟ್ಟುತ್ತದೆ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ.

ಆದ್ದರಿಂದ 30 ಪ್ರೋಗ್ರಾಮ್‌ಗಳನ್ನೂ ಒಂದೊಂದಾಗಿ ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಫೈಲ್ ತೆರೆದು ಸಾಲು ಸಾಲಾಗಿ ಓದುವುದು, ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವುದು ಮುಂತಾದ ಎರಡು ಮೂರು ಸಾಲಿನ ತುಣುಕುಗಳನ್ನು ಯಾರು ಬರೆದರೂ ಹೆಚ್ಚುಕಡಿಮೆ ಹಾಗೆಯೇ ಬರೆಯುತ್ತಾರೆ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ರಮವಿಧಿಗಳ (ಅಲ್ಗಾರಿದಮ್) ಮೇಲೂ ಯಾರಿಗೂ ಕೃತಿಸ್ವಾಮ್ಯವಿಲ್ಲ. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕ್ವಿಕ್‌ಸಾರ್ಟ್ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1961ರಲ್ಲಿ ಪ್ರಕಟಿಸಿದರು. ನೀವು ಅದನ್ನು ನಿಮ್ಮದೇ ಕೋಡಿನಲ್ಲಿ ಬರೆದು ಅವರ ಹೆಸರನ್ನು ಹೇಳಿದರೆ ಅದು ವಿದ್ವತ್ತಿನ ಮರ್ಯಾದೆ, ಕಾನೂನಿನ ಕಟ್ಟಳೆಯಲ್ಲ. ಈ ಎರಡು ಬಗೆಯವನ್ನು ತೆಗೆದಿಟ್ಟರೆ ನಿಮ್ಮ ಪಟ್ಟಿ ಅರ್ಧಕ್ಕೆ ಇಳಿದೀತು.

ಉಳಿದವುಗಳ ಪರವಾನಗಿ, ಎಂದರೆ ಬಳಸುವವರಿಗೆ ಬರೆದವರು ಹಾಕಿರುವ ಷರತ್ತು, ಯಾವುದೆಂದು ನೋಡಿ. ಎಂಐಟಿ ಪರವಾನಗಿ ಬಹಳ ಕಡಿಮೆ ಕೇಳುತ್ತದೆ: ಹಕ್ಕುಸ್ವಾಮ್ಯದ ಸಾಲು ಮತ್ತು ಪರವಾನಗಿಯ ಪಠ್ಯ ಪ್ರತಿಯೊಡನೆ ಇರಬೇಕು. ಆ ಪಠ್ಯ ಅರ್ಧ ಪುಟವನ್ನೂ ಮೀರದು. ಪರಿಶಿಷ್ಟದಲ್ಲಿ ಇಂಗ್ಲಿಷ್‌ನಲ್ಲಿಯೇ ಒಮ್ಮೆ ಅಚ್ಚು ಹಾಕಿಸಿ, ಅದರ ಕೆಳಗೆ ಆಯಾ ಯೋಜನೆಯ ಹಕ್ಕುಸ್ವಾಮ್ಯದ ಸಾಲುಗಳನ್ನು ಕೊಡಿ. ಅಪಾಚೆ 2.0 ಪರವಾನಗಿಯಾದರೆ ತಿದ್ದಿದ್ದೀರೆಂದು ತಿಳಿಸಲೂಬೇಕು. ಕೋಡಿನ ನಡುವಿನ ಇಂಗ್ಲಿಷ್ ಕಾಮೆಂಟ್‌ಗಳನ್ನು (ವಿವರಣೆಯ ಸಾಲುಗಳನ್ನು) ಕನ್ನಡಕ್ಕೆ ತಿರುಗಿಸಿದ್ದೂ ತಿದ್ದುಪಡಿಯೇ.

ನಿಜವಾದ ತೊಡಕಿರುವುದು ಸ್ಟ್ಯಾಕ್ ಓವರ್‌ಫ್ಲೋದಲ್ಲಿ. ಅಲ್ಲಿನ ಉತ್ತರಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ (ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ) ಪರವಾನಗಿ ಇದೆ. 2011ರ ಏಪ್ರಿಲ್ 8ಕ್ಕೆ ಮುಂಚಿನವಕ್ಕೆ ಅದರ 2.5ನೆಯ ಆವೃತ್ತಿ, ಅಂದಿನಿಂದ 2018ರ ಮೇ 1ರವರೆಗಿನವಕ್ಕೆ 3.0, ಅಲ್ಲಿಂದೀಚಿನವಕ್ಕೆ 4.0. ಬರೆದವರ ಹೆಸರು, ಉತ್ತರದ ಕೊಂಡಿ, ಪರವಾನಗಿಯ ಹೆಸರು, ನೀವು ಮಾಡಿದ ಬದಲಾವಣೆ, ಇಷ್ಟನ್ನೂ ಕೊಡಬೇಕು; ಅಷ್ಟೇ ಅಲ್ಲ, ನೀವು ತಿದ್ದಿದ ರೂಪವನ್ನೂ ಅದೇ ಬಗೆಯ ಪರವಾನಗಿಯಡಿ ಬಿಡಬೇಕು. ಹಾಗಿರುವಾಗ ಪುಸ್ತಕದ ಎರಡನೆಯ ಪುಟದಲ್ಲಿ ಪ್ರಕಾಶಕರು ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ರೂಢಿಯಂತೆ ಅಚ್ಚು ಹಾಕಿಬಿಟ್ಟರೆ ಒಂದೇ ಪುಸ್ತಕ ಎರಡು ನಾಲಗೆಯಲ್ಲಿ ಮಾತಾಡಿದಂತೆ. ‘ಇಂತಿಂಥ ಪುಟಗಳ ಕೋಡ್ ಹೊರತಾಗಿ’ ಎಂಬ ಮಾತನ್ನು ಅಲ್ಲಿ ಸೇರಿಸಿಸಿ. ಪ್ರಕಾಶಕರು ಗೊಣಗಿಯಾರು, ಕರಡು ಇನ್ನೂ ಅವರ ಕೈಯಲ್ಲಿರುವಾಗಲೇ ಹೇಳಿಬಿಡುವುದು ಒಳ್ಳೆಯದು.

ಪರವಾನಗಿಯೇ ಇಲ್ಲದೆ ಗಿಟ್‌ಹಬ್‌ನಲ್ಲಿರುವ ಕೋಡನ್ನು ಎಲ್ಲರೂ ನೋಡಬಹುದು, ಗಿಟ್‌ಹಬ್‌ನೊಳಗೇ ಫೋರ್ಕ್ (ತಮ್ಮ ಖಾತೆಗೆ ನಕಲು) ಮಾಡಿಕೊಳ್ಳಬಹುದು, ಮುದ್ರಿಸುವಂತಿಲ್ಲ. ಪುಸ್ತಕದ ಹೆಸರು, ಬಳಸುವ ಸಾಲುಗಳು, ಮುದ್ರಣ ಮತ್ತು ಇ-ಪುಸ್ತಕ ಎರಡಕ್ಕೂ ಅನುಮತಿ ಬೇಕೆಂಬುದು, ಇಷ್ಟನ್ನು ಬರೆದು ಒಂದು ಮಿಂಚಂಚೆ ಕಳುಹಿಸಿ. ಉತ್ತರ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದುಕೊಳ್ಳದೆ, ಮೂಲವನ್ನು ಮುಚ್ಚಿಟ್ಟು ನೀವೇ ಬರೆಯಿರಿ. ಚರಾಂಕಗಳ (ವೇರಿಯಬಲ್) ಹೆಸರು ಬದಲಿಸುವುದು ಹೊಸದಾಗಿ ಬರೆದಂತಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಈ ಉಪಾಯ ಮಾಡಿದಾಗ ನೀವೇ ಹಿಡಿದಿರುತ್ತೀರಿ.

ಹೆಸರನ್ನು ಎಲ್ಲಿ ಹಾಕಬೇಕೆಂದರೆ, ಪ್ರೋಗ್ರಾಮಿನ ಅಡಿಯಲ್ಲಿಯೇ, ಒಂದು ಸಣ್ಣ ಸಾಲಿನಲ್ಲಿ. ಡೆವಲಪರ್ ನಿಜ ಹೆಸರಿನ ಬದಲು ಅಡ್ಡಹೆಸರನ್ನು ಇಟ್ಟುಕೊಂಡಿದ್ದರೆ ಅದನ್ನು ಅವರ ಇಂಗ್ಲಿಷ್ ಕಾಗುಣಿತದಲ್ಲಿಯೇ ಮುದ್ರಿಸಿ. ಕನ್ನಡ ಲಿಪಿಗೆ ತಿರುಗಿಸಿದರೆ ಹುಡುಕುವವರಿಗೆ ಆ ವ್ಯಕ್ತಿ ಸಿಗುವುದಿಲ್ಲ. ಅರಿಕೆಯ ಆ ವಾಕ್ಯವನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ, ಇರಲಿ.

ಪ್ರಶ್ನೆ: ನಾನು ಕಂಪನಿಯೊಂದರಲ್ಲಿ ಕೆಲಸದ ಭಾಗವಾಗಿ ಬರೆದ ಕೋಡನ್ನು ನನ್ನ ಪುಸ್ತಕದಲ್ಲಿ ಉದಾಹರಣೆಯಾಗಿ ಕೊಡಬಹುದೆ? ಬರೆದವನು ನಾನೇ ಅಲ್ಲವೆ?
– ಸಾಫ್ಟ್‌ವೇರ್ ಉದ್ಯೋಗಿ, ಮಾರತ್‌ಹಳ್ಳಿ

ಉತ್ತರ: ಬರೆದವರು ನೀವೇ, ಒಡೆಯರು ನೀವಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಉದ್ಯೋಗದಾತರದು ಎಂದು ಕೃತಿಸ್ವಾಮ್ಯ ಕಾಯಿದೆಯ 17ನೆಯ ಸೆಕ್ಷನ್ ಹೇಳುತ್ತದೆ. ನಿಮ್ಮ ನೇಮಕಾತಿ ಪತ್ರದಲ್ಲಿ ಗೋಪ್ಯತೆಯ ಷರತ್ತೂ ಇರುವ ಸಂಭವವಿದೆ, ಅದನ್ನು ತೆಗೆದು ಓದಿ. ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮ್ಯಾನೇಜರ್ ಚಹಾ ಕುಡಿಯುತ್ತ ‘ಹಾಕ್ಕೊಳ್ಳಿ’ ಎಂದದ್ದು ಲೆಕ್ಕಕ್ಕೆ ಬಾರದು.