ಓದುಗರ ಪ್ರಶ್ನೆ: ಲೆಕ್ಕದ ಪುಸ್ತಕದಿಂದ ಕೋಟೆಯ ಕಾದಂಬರಿಗೆ

ಪ್ರಶ್ನೆ: ಮುಂಬೈಯ ಕಂಪನಿಯೊಂದರಲ್ಲಿ ಹಣಕಾಸು ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾಗಿದ್ದೇನೆ. ಕಾಸರಗೋಡಿನ ಬೇಕಲ ಕೋಟೆಯನ್ನು ಇಟ್ಟುಕೊಂಡು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. 80 ಪುಟ ಆಗಿದೆ. ಓದಿದವರು ‘ವರದಿ ಓದಿದ ಹಾಗಿದೆ’ ಎನ್ನುತ್ತಾರೆ. ಎಲ್ಲಿ ಎಡವಿದ್ದೇನೆ?
– ಓದುಗರು, ಕುಂಬಳೆ

ಉತ್ತರ: ಕಂಪನಿಯ ಟಿಪ್ಪಣಿಯಲ್ಲಿ ತೀರ್ಮಾನ ಮೊದಲು ಬರಬೇಕು, ಕಾರಣ ಆಮೇಲೆ. ಆ ರೂಢಿ ಕಾದಂಬರಿಯನ್ನು ಕೊಲ್ಲುತ್ತದೆ. ‘1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು’ ಎಂದು ಅಧ್ಯಾಯದ ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಓದುಗನಿಗೆ ಕಾಯಲು ಏನೂ ಉಳಿಯುವುದಿಲ್ಲ. ಬೇಕಲವನ್ನು ಆಳುತ್ತಿದ್ದ ಕೆಳದಿ ನಾಯಕರ ರಾಜಧಾನಿ ಬಿದನೂರು. ಘಟ್ಟದ ಮೇಲಿನ ಆ ಸುದ್ದಿ ಬೇಕಲದ ಬಾಗಿಲಿಗೆ ಯಾರ ಬಾಯಲ್ಲಿ ಬಂತು, ಕೇಳಿದವನು ನಂಬಿದನೇ, ನಂಬಿ ಮೊದಲು ಏನನ್ನು ಬಚ್ಚಿಟ್ಟ? ಅಲ್ಲಿಂದ ಶುರುಮಾಡಿ.

ಆದರೆ ನಿಮ್ಮ ಹಳೆಯ ವೃತ್ತಿಯನ್ನು ಮುಚ್ಚಿಡಬೇಡಿ, ಅದೇ ನಿಮ್ಮ ಬಂಡವಾಳ. ರಾಜನ ಪೌರುಷ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಕೋಟೆಯ ಉಗ್ರಾಣದ ಲೆಕ್ಕ ಹಾಕಿ ನೋಡುವವರು ಕಡಿಮೆ. ಕೋಟೆಯೊಳಗೆ 300 ಜನ, ತಲೆಗೆ ದಿನಕ್ಕೆ ಒಂದು ಸೇರು ಅಕ್ಕಿ, ಮಳೆಗಾಲ 120 ದಿನ ಎಂದುಕೊಳ್ಳಿ. ಒಟ್ಟು 36,000 ಸೇರು. ಕರಾವಳಿಯ ಲೆಕ್ಕದಲ್ಲಿ ಮುಡಿಗೆ 42 ಸೇರು ಹಿಡಿದರೆ ಸುಮಾರು 857 ಮುಡಿ. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗ ಬಿಗಿದು, ಬಡಿದು ಗುಂಡಗೆ ಮಾಡಿದ ಮುಡಿ ಅದು. ತಲೆಹೊರೆಯಲ್ಲಿ ತಂದರೆ ಒಬ್ಬನಿಗೆ ಒಂದು. ಕಾರ್ತೆಲಿನ (ತುಳುವರ ಜೂನ್–ಜುಲೈ ಹೊತ್ತಿನ ತಿಂಗಳು) ಮಳೆ ಹಿಡಿಯುವ ಮೊದಲು ಅಷ್ಟೂ ಒಳಗೆ ಸೇರಬೇಕು. ಯಾವ ಊರಿನ ಮೇಲೆ ಎಷ್ಟು ಮುಡಿ ಹೇರಿದರು, ಯಾರು ಕೊಡಲಿಲ್ಲ, ಗೋಡೆಯ ಪಕ್ಕದ ಸಾಲು ಯಾವಾಗ ಮುಗ್ಗಿತು, ಹಾಳಾದದ್ದನ್ನು ಯಾರ ಲೆಕ್ಕಕ್ಕೆ ಬರೆದರು? ನಿಮಗೆ ಗೊತ್ತಿರುವ ಜಗತ್ತೇ ಇದು. ಮೂರು ಅಧ್ಯಾಯಕ್ಕೆ ಸಾಲುವಷ್ಟು ಜಗಳ ಇದರಲ್ಲಿದೆ.

ಪ್ರಶ್ನೆ: ನನ್ನ ಕಥೆಯಲ್ಲಿ ದೂತನೊಬ್ಬ ಆಷಾಢದ ರಾತ್ರಿ ಕುದುರೆ ಏರಿ, ಬೆಳಗಾಗುವುದರೊಳಗೆ ಬೇಕಲದಿಂದ ಮಂಗಳೂರು ಮುಟ್ಟುತ್ತಾನೆ. ಸರಿಯೇ?
– ಓದುಗರು, ಬದಿಯಡ್ಕ

ಉತ್ತರ: ಆಗದು. ಈಗ ಸೇತುವೆಯ ಮೇಲೆ ಹೋಗುವಾಗ ನಮ್ಮ ಗಮನಕ್ಕೇ ಬಾರದ ಹೊಳೆಗಳು ಅವನ ದಾರಿಯಲ್ಲಿವೆ: ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಕೊನೆಗೆ ನೇತ್ರಾವತಿ. ಇವು ದೊಡ್ಡವು ಮಾತ್ರ. ಪ್ರತಿಯೊಂದರಲ್ಲೂ ಕಡವಿಗೆ ಹೋಗಿ ಅಂಬಿಗನನ್ನು ಎಬ್ಬಿಸಬೇಕು. ಆಟಿಯ (ಆಷಾಢದ ಹೊತ್ತಿನ ತುಳು ತಿಂಗಳು) ನೆರೆಯಲ್ಲಿ ಅವನು ದೋಣಿ ಬಿಚ್ಚುವುದಿಲ್ಲ, ಬಿಚ್ಚಿದರೂ ಕುದುರೆ ಹತ್ತಬೇಕಲ್ಲ. ಸಮುದ್ರದ ದಾರಿಯೂ ಆ ತಿಂಗಳಲ್ಲಿ ಮುಚ್ಚಿರುತ್ತದೆ. ದೂತನನ್ನು ಕಾಲುನಡಿಗೆಯಲ್ಲಿ ಕಳಿಸಿ, ಚಂದ್ರಗಿರಿಯ ತೆಂಕು ದಡದಲ್ಲಿ ಎರಡು ದಿನ ಕೂರಿಸಿ. ಕಥೆಗೆ ಬೇಕಾದ ಆತಂಕ ಆ ದಡದಲ್ಲೇ ಇದೆ.

ಇನ್ನೊಂದು ಮಾತು. ತುಳುನಾಡಿಗೂ ಮಲಯಾಳ ನಾಡಿಗೂ ಹಿಂದಿನವರು ಹೇಳುತ್ತಿದ್ದ ಗಡಿ ಚಂದ್ರಗಿರಿ. ಬೇಕಲ ಅದರ ತೆಂಕಿಗಿದೆ. ಕೆಳದಿಯವರ ಕೋಟೆಯೆಂದು ಊರೆಲ್ಲ ಅಚ್ಚ ಕನ್ನಡ ಮಾತಾಡುವ ಹಾಗೆ ಬರೆಯಬೇಡಿ. ಒಳಗೆ ಲೆಕ್ಕ ಕನ್ನಡದಲ್ಲಿ, ಹೊರಗೆ ಮೀನು ಮಾರುವವಳ ಮಾತು ಮಲಯಾಳದಲ್ಲಿ. ನಡುವೆ ಎರಡೂ ಬಲ್ಲವನೊಬ್ಬ ಇರಬೇಕು. ಅವನೇ ಮುಖ್ಯ ಪಾತ್ರವಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಕಾಸರಗೋಡಿನ ಹಳೆಯ ದಾಖಲೆ ಎಲ್ಲಿ ಹುಡುಕಲಿ? ತಿರುವನಂತಪುರಕ್ಕೆ ಹೋಗಬೇಕೇ?
– ಓದುಗರು, ಮಂಜೇಶ್ವರ

ಉತ್ತರ: ಮೊದಲು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಸರಗೋಡನ್ನು ಒಳಗೊಂಡ ಕೆನರಾ ಮದ್ರಾಸಿನ ಆಡಳಿತಕ್ಕೆ ಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ಜಿಲ್ಲೆಯಾದದ್ದು 1984ರಲ್ಲಿ. ಹಾಗಾಗಿ ‘ಕಾಸರಗೋಡು ಜಿಲ್ಲೆ’ ಎಂದು ಕೇಳಿದರೆ ಬರಿಗೈಯಲ್ಲಿ ಮರಳುತ್ತೀರಿ. ‘ದಕ್ಷಿಣ ಕೆನರಾ’ ಎಂದೂ, 1860ಕ್ಕಿಂತ ಹಿಂದಿನದಕ್ಕೆ ಬರೀ ‘ಕೆನರಾ’ ಎಂದೂ ಕೇಳಿ. 1801ರ ಆರಂಭದಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಬೆಳೆ, ಅಳತೆ, ಕೂಲಿ ತಿಳಿಯಲು ಅದನ್ನು ಬಿಡಲಾಗದು.

ಪ್ರಶ್ನೆ: ಐತಿಹಾಸಿಕ ಕಾದಂಬರಿಯಲ್ಲಿ ತೇದಿ ಹಾಕುವುದು ಹೇಗೆ?
– ಓದುಗರು, ಮುಳ್ಳೇರಿಯ

ಉತ್ತರ: ಪಾತ್ರಗಳ ಬಾಯಲ್ಲಿ ಇಸವಿ ಬೇಡ. ಇಸವಿಯಲ್ಲಿ 78 ಕಳೆದರೆ ಶಕ ವರ್ಷ, ಯುಗಾದಿಗೆ ಮೊದಲಿನ ತಿಂಗಳಾದರೆ 79. ಟಿಪ್ಪು ಮಡಿದ 1799ರ ಮೇ 4 ಶಕ 1721, ಸಿದ್ಧಾರ್ಥಿ ಸಂವತ್ಸರ. ಆದರೆ ನಮ್ಮ ಕಡೆಯ ಒಕ್ಕಲಿನವನಿಗೆ ಅದು ಬಿಸು (ತುಳುವರ ಹೊಸವರ್ಷ) ಕಳೆದ ಪಗ್ಗು ತಿಂಗಳು, ಚೈತ್ರ ಅಲ್ಲ. ಹೊತ್ತು ಹೇಳಲು ಘಳಿಗೆ ಸಾಕು, 24 ನಿಮಿಷಕ್ಕೆ ಒಂದು. ಮನೆಯ ಮಾಡಿಗೆ ಮಂಗಳೂರು ಹಂಚು ಹೊದೆಸಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದಕ್ಕೆ ಮೊದಲಿನ ಕಥೆಯಾದರೆ ಮುಳಿಹುಲ್ಲು ಅಥವಾ ತೆಂಗಿನ ಮಡಲು ಹೊದೆಸಿ, ವರ್ಷಕ್ಕೊಮ್ಮೆ ಬದಲಿಸಲು ಆಳನ್ನೂ ಕರೆಸಿ.